ಪಾಳುನೆಲಕ್ಕೆ ಬೆಲೆ ತಂದವರಿಗೆ ಹಕ್ಕಿಲ್ಲವೇ?

ನಗರವಾಸಿಗಳು ಒಟ್ಟುಗೂಡಿ ಬೆಳೆಸಿ, ಒಟ್ಟಾಗಿ ಅನುಭವಿಸುವ ಸಮುದಾಯ ತೋಟಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಸಾಮಾನ್ಯವಾಗಿ ಹೂವಿನ ಚಿತ್ರದೊಂದಿಗೆ ಆರಂಭವಾಗಿ ಟೊಮೆಟೊ ಬೆಳೆಯುವ ಕ್ರಮದೊಂದಿಗೆ ಮುಗಿಯುತ್ತವೆ. ಬಿಡುವುಳ್ಳವರ ಹವ್ಯಾಸ, ಪರಿಸರಪ್ರೇಮಿಗಳ ರವಿವಾರದ ಕೆಲಸ ಎಂಬಂತೆ ಅವುಗಳನ್ನು ಬಣ್ಣಿಸಲಾಗುತ್ತದೆ. ಆದರೆ ಈ ತೋಟಗಳು ಹುಟ್ಟಿದ ಬೀದಿಗಳ ಚರಿತ್ರೆಯನ್ನು ಓದಿದರೆ ನಮಗೆ ಕಾಣುವುದು ಬೇರೆಯೇ ಸಂಗತಿ. ಯಾರಿಗೂ ಬೇಡವಾದ ನೆಲವನ್ನು ಬಡವರು ಹಸನುಗೊಳಿಸುತ್ತಾರೆ. ಹಸನಾದೊಡನೆ ಆ ನೆಲಕ್ಕೆ ಎಲ್ಲಿಂದಲೋ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ಮೂವತ್ತು ನಲ್ವತ್ತು ವರ್ಷಗಳಿಂದ ಜಗತ್ತಿನ ದೊಡ್ಡ ನಗರಗಳಲ್ಲಿ ಈ ಒಂದೇ ನಾಟಕವು ಪಾತ್ರಧಾರಿಗಳನ್ನು ಬದಲಿಸಿಕೊಂಡು ಮತ್ತೆ ಮತ್ತೆ ನಡೆಯುತ್ತಿದೆ. ಅದರ ಅತ್ಯಂತ ದೀರ್ಘವಾದ ಪ್ರದರ್ಶನ ನಡೆದದ್ದು ನ್ಯೂಯಾರ್ಕ್ ನಗರದಲ್ಲಿ.

1970ರ ದಶಕದ ನ್ಯೂಯಾರ್ಕ್ ಇಂದಿನ ಸಿನಿಮಾಗಳಲ್ಲಿ ಕಾಣುವ ನ್ಯೂಯಾರ್ಕ್ ಅಲ್ಲ. ನಗರಾಡಳಿತವು ದಿವಾಳಿಯ ಅಂಚಿಗೆ ತಲುಪಿತ್ತು. ಉದ್ಯೋಗಗಳು ಹೊರಟುಹೋಗಿದ್ದವು, ಅನುಕೂಲಸ್ಥರು ಉಪನಗರಗಳಿಗೆ ಸ್ಥಳಾಂತರಗೊಂಡಿದ್ದರು. ಬಾಡಿಗೆಯಿಂದ ಲಾಭವಿಲ್ಲವೆಂದು ಕಂಡ ಕಟ್ಟಡ ಮಾಲೀಕರು ತೆರಿಗೆ ಕಟ್ಟುವುದನ್ನು ನಿಲ್ಲಿಸಿ ಕೈತೊಳೆದುಕೊಂಡರು. ವಿಮೆಯ ಹಣಕ್ಕಾಗಿ ತಮ್ಮದೇ ಕಟ್ಟಡಗಳಿಗೆ ಬೆಂಕಿ ಇಡಿಸಿದವರೂ ಇದ್ದರು. ಸುಟ್ಟ ಕಟ್ಟಡಗಳನ್ನು ಕೆಡವಿದ ಮೇಲೆ ಉಳಿದ ಸಾವಿರಾರು ನಿವೇಶನಗಳು ತೆರಿಗೆ ಬಾಕಿಯ ಲೆಕ್ಕದಲ್ಲಿ ನಗರಾಡಳಿತದ ವಶಕ್ಕೆ ಬಂದವು. ಲೋವರ್ ಈಸ್ಟ್ ಸೈಡ್, ಹಾರ್ಲೆಮ್, ಸೌತ್ ಬ್ರಾಂಕ್ಸ್, ಬ್ರೂಕ್ಲಿನ್‌ನ ಬಡ ಬಡಾವಣೆಗಳಲ್ಲಿ ಮನೆ ಮನೆಯ ನಡುವೆ ಇಟ್ಟಿಗೆಯ ರಾಶಿ, ಕಸ, ಇಲಿ, ಮಾದಕ ವಸ್ತುಗಳ ವ್ಯಾಪಾರ. ಸರಕಾರದ ಕಡತದಲ್ಲಿ ಇದಕ್ಕೆ ಮಾಲೀಕನಿದ್ದ. ಬೀದಿಯಲ್ಲಿ ಇದಕ್ಕೆ ದಿಕ್ಕಿರಲಿಲ್ಲ.

1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಅವರ ನೆರೆಹೊರೆಯವರು ಬವರಿ ಹಾಗೂ ಹೂಸ್ಟನ್ ರಸ್ತೆಗಳು ಕೂಡುವಲ್ಲಿ ಇಂತಹದೊಂದು ನಿವೇಶನದ ಕಸ ಎತ್ತಲಾರಂಭಿಸಿದರು. ತಮ್ಮ ಗುಂಪಿಗೆ ಅವರು ಇಟ್ಟುಕೊಂಡ ಹೆಸರು ‘ಗ್ರೀನ್ ಗೆರಿಲ್ಲಾಸ್’. ಬೇಲಿ ಹಾಕಿ ಬೀಗ ಜಡಿದ ಪಾಳು ನಿವೇಶನಗಳೊಳಗೆ ಬೀಜ, ಗೊಬ್ಬರ, ನೀರು ತುಂಬಿದ ಬಲೂನುಗಳನ್ನು ಎಸೆದು ಹೂ ಅರಳಿಸುತ್ತಿದ್ದ ಗುಂಪು ಇದು. ಮರುವರ್ಷ ನಗರಾಡಳಿತವು ಆ ನಿವೇಶನವನ್ನು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಅವರಿಗೆ ಕೊಟ್ಟಿತು. ನೋಡಿದವರು ಸುಮ್ಮನಿರಲಿಲ್ಲ, ಕೇರಿ ಕೇರಿಗಳಲ್ಲಿ ಜನರು ಗುದ್ದಲಿ ಹಿಡಿದರು. 1978ರಲ್ಲಿ ಸರಕಾರವೇ ‘ಗ್ರೀನ್‌ಥಂಬ್’ ಎಂಬ ಯೋಜನೆಯನ್ನು ತೆರೆದು ಇಂತಹ ತೋಟಗಳಿಗೆ ಪರವಾನಗಿ ನೀಡಲಾರಂಭಿಸಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟವಾಗಿ ಗಮನಿಸಬೇಕು. ಅವರಿಗೆ ಸಿಕ್ಕಿದ್ದು ಮಣ್ಣಲ್ಲ, ಕಟ್ಟಡದ ಅವಶೇಷ. ಸುಟ್ಟ ಹಳೆಯ ಮನೆಗಳ ಬಣ್ಣದಲ್ಲಿದ್ದ ಸೀಸವು ನೆಲಕ್ಕೆ ಇಳಿದಿತ್ತು. ಅಂತಹ ನೆಲದಲ್ಲಿ ನೇರವಾಗಿ ಬೆಳೆದ ಸೊಪ್ಪು ತಿಂದರೆ ಮಕ್ಕಳ ಮಿದುಳಿಗೇ ಅಪಾಯ. ಆದ್ದರಿಂದ ಇಟ್ಟಿಗೆ ಚೂರುಗಳನ್ನು ಕೈಯಾರೆ ಹೊತ್ತು ಹೊರಹಾಕಿ, ಮರದ ಚೌಕಟ್ಟುಗಳನ್ನು ಕಟ್ಟಿ, ಹೊರಗಿನಿಂದ ಒಳ್ಳೆಯ ಮಣ್ಣು ತಂದು ತುಂಬಿ ಎತ್ತರದ ಮಡಿಗಳನ್ನು ಮಾಡಬೇಕಾಯಿತು. ಬವರಿಯ ಆ ಮೊದಲ ತೋಟದಲ್ಲಿಯೇ ಇಂತಹ ಅರವತ್ತು ತರಕಾರಿ ಮಡಿಗಳಿದ್ದವು. ಅಡುಗೆಮನೆಯ ಕಸವನ್ನು ಕೊಳೆಸಿ ಗೊಬ್ಬರ ಮಾಡಿದರು. ನೀರಿಗೆ ಬೀದಿಯ ಅಗ್ನಿಶಾಮಕ ನಳ್ಳಿಯನ್ನು ಆಶ್ರಯಿಸಿದವರೇ ಹೆಚ್ಚು. ಪೋರ್ಟೊರಿಕೊದಿಂದ ಬಂದ ಕುಟುಂಬಗಳು ತೋಟದ ಮಧ್ಯೆ ‘ಕಸೀಟಾ’ ಎಂಬ ಪುಟ್ಟ ಮರದ ಮನೆಯನ್ನು ತಮ್ಮೂರಿನ ಮಾದರಿಯಲ್ಲಿ ಕಟ್ಟಿಕೊಂಡವು. ಅಲ್ಲಿ ಮುದುಕರು ಡಾಮಿನೊ ಆಡುತ್ತಿದ್ದರು, ಹಬ್ಬಗಳು ನಡೆಯುತ್ತಿದ್ದವು, ಮಕ್ಕಳು ಬೀದಿಯ ಬದಲು ಮರದ ಕೆಳಗೆ ಬೆಳೆದರು. ಇಪ್ಪತ್ತು ವರ್ಷಗಳ ಈ ದುಡಿಮೆಗೆ ಯಾವ ಗುತ್ತಿಗೆದಾರನೂ ಬಿಲ್ಲು ಬರೆಯಲಿಲ್ಲ.

ಬೀದಿ ಬದಲಾಯಿತು. ಬದಲಾದ ಬೀದಿಗೆ ಬೆಲೆ ಬಂತು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಅಂಕಿಅಂಶಗಳಲ್ಲಿ ತೋರಿಸಿಕೊಟ್ಟಿದೆ. ಸಮುದಾಯ ತೋಟವೊಂದು ಆರಂಭವಾದ ಮೇಲೆ ಅದರ ಸುತ್ತಲಿನ ಸಾವಿರ ಅಡಿಯೊಳಗಿನ ಆಸ್ತಿಗಳ ಬೆಲೆ ಏರುತ್ತದೆ. ಅತ್ಯಂತ ಬಡ ಬಡಾವಣೆಗಳಲ್ಲಿಯೇ ಈ ಏರಿಕೆ ಅತಿ ಹೆಚ್ಚು, ಐದು ವರ್ಷಗಳಲ್ಲಿ ಶೇ. 9.4ರವರೆಗೆ. ಅಂದರೆ ಬಡವರ ಬೆವರು ನೇರವಾಗಿ ನೆರೆಯ ಕಟ್ಟಡ ಮಾಲೀಕರ ಖಾತೆಗೆ ಜಮೆಯಾಗುತ್ತದೆ. ಬಾಡಿಗೆ ಏರುತ್ತದೆ. ತೋಟ ಮಾಡಿದವರೇ ಆ ಬಾಡಿಗೆ ಕೊಡಲಾಗದೆ ಬಡಾವಣೆ ಬಿಡಬೇಕಾಗುತ್ತದೆ. ಇದಕ್ಕಿಂತ ದೊಡ್ಡ ವಿಪರ್ಯಾಸ ಇನ್ನೇನಿದೆ?

ಸರಕಾರದ ಕಣ್ಣು ತೆರೆದದ್ದೂ ಆಗಲೇ. 1999ರಲ್ಲಿ ಮೇಯರ್ ರುಡಾಲ್ಫ್ ಜೂಲಿಯಾನಿಯ ಆಡಳಿತವು ನೂರಕ್ಕೂ ಹೆಚ್ಚು ತೋಟಗಳನ್ನು ಮೇ ತಿಂಗಳಲ್ಲಿ ಹರಾಜಿಗಿಟ್ಟಿತು. ಇದು ಮುಕ್ತ ಮಾರುಕಟ್ಟೆಯ ದೇಶ, ಕಮ್ಯುನಿಸಮಿನ ಕಾಲ ಮುಗಿದಿದೆ ಎಂಬರ್ಥದ ಮಾತನ್ನು ಮೇಯರ್ ಆಡಿದರು. ತೊಂಡೆ, ಮೂಲಂಗಿ ಬೆಳೆಯುವುದರಲ್ಲಿ ಕಮ್ಯುನಿಸಮ್ ಎಲ್ಲಿಂದ ಬಂತೋ ನಮಗೆ ತಿಳಿಯದು. ಬಡವರಿಗೆ ಮನೆ ಕಟ್ಟಲು ನೆಲ ಬೇಕು ಎಂಬುದು ಸರಕಾರ ಮುಂದಿಟ್ಟ ಸಮರ್ಥನೆ. ಆದರೆ ಹರಾಜಿನಲ್ಲಿ ಕೊಂಡವನು ಬಡವರಿಗೆ ಮನೆ ಕಟ್ಟಲೇಬೇಕೆಂಬ ಯಾವ ಷರತ್ತೂ ಇರಲಿಲ್ಲ. ಸರಕಾರದ ಕೈಯಲ್ಲಿ ತೋಟವಿಲ್ಲದ ಸಾವಿರಾರು ಖಾಲಿ ನಿವೇಶನಗಳೂ ಇದ್ದವು. ಜನರು ಬೀದಿಗಿಳಿದರು, ನ್ಯಾಯಾಲಯಕ್ಕೆ ಹೋದರು. ಕೊನೆಗೆ ಹರಾಜಿನ ಹಿಂದಿನ ದಿನ ‘ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್’ ಸಂಸ್ಥೆ ಮತ್ತು ನಟಿ ಬೆಟ್ ಮಿಡ್ಲರ್ ಸ್ಥಾಪಿಸಿದ ‘ನ್ಯೂಯಾರ್ಕ್ ರೆಸ್ಟೊರೇಷನ್ ಪ್ರಾಜೆಕ್ಟ್’ ಸೇರಿ ಸುಮಾರು 42 ಲಕ್ಷ ಡಾಲರ್ ತೆತ್ತು ಅವುಗಳನ್ನು ಕೊಂಡುಕೊಂಡವು.

ತೋಟಗಳು ಉಳಿದವು, ಸಂತೋಷ. ಆದರೆ ಉಳಿದದ್ದು ಯಾವ ಆಧಾರದಲ್ಲಿ? ಇಪ್ಪತ್ತು ವರ್ಷ ದುಡಿದವರ ಹಕ್ಕಿನಿಂದಲ್ಲ, ಒಬ್ಬ ನಟಿಯ ಔದಾರ್ಯದಿಂದ. ಅಂತಹ ಔದಾರ್ಯ ತಲುಪದ ಕಡೆ ಏನಾಯಿತೆಂಬುದಕ್ಕೆ ಈಸ್ಟ್ ಸೆವೆಂತ್ ಸ್ಟ್ರೀಟಿನ ಎಸ್ಪೆರಾನ್ಸಾ ತೋಟವೇ ಸಾಕ್ಷಿ. ಎಸ್ಪೆರಾನ್ಸಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಭರವಸೆ. ಪೋರ್ಟೊರಿಕೊ ಮೂಲದ ಕುಟುಂಬವೊಂದು 1970ರ ದಶಕದ ಕೊನೆಯಲ್ಲಿ ಆರಂಭಿಸಿದ ತೋಟ ಅದು. ಅದನ್ನು ಕಾಯಲು ಜನರು ತಮ್ಮ ನಾಡಿನ ‘ಕೊಕೀ’ ಕಪ್ಪೆಯ ಬೃಹತ್ ಆಕೃತಿಯೊಂದನ್ನು ಕಟ್ಟಿ, ಅದರೊಳಗೆ ಚಳಿಗಾಲದ ರಾತ್ರಿಗಳಲ್ಲಿ ಪಾಳಿಯ ಪ್ರಕಾರ ಮಲಗುತ್ತಿದ್ದರು. 2000ದ ಫೆಬ್ರವರಿ 15ರಂದು ಪೊಲೀಸರು ಸರಪಳಿ ಕತ್ತರಿಸಿ ಜನರನ್ನು ಎಳೆದೊಯ್ದರು, ಬುಲ್ಡೋಜರ್ ಒಳನುಗ್ಗಿತು. ತೋಟಗಳನ್ನು ಕೆಡವಬಾರದೆಂಬ ನ್ಯಾಯಾಲಯದ ತಡೆಯಾಜ್ಞೆ ಬಂದದ್ದು ಅದೇ ದಿನ, ತೋಟ ನೆಲಸಮವಾದ ಮೇಲೆ. 2002ರಲ್ಲಿ ಮುಂದಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಮತ್ತು ರಾಜ್ಯದ ಅಟಾರ್ನಿ ಜನರಲ್ ನಡುವೆ ಒಪ್ಪಂದವಾಗಿ ನೂರಾರು ತೋಟಗಳಿಗೆ ರಕ್ಷಣೆ ದೊರೆಯಿತು. ಎಸ್ಪೆರಾನ್ಸಾ ಆ ಪಟ್ಟಿಯಲ್ಲಿ ಇರಲು ಸಾಧ್ಯವಿರಲಿಲ್ಲ.

ಇದೇ ದೇಶದ ಇನ್ನೊಂದು ತುದಿಯಲ್ಲಿ, ಲಾಸ್ ಏಂಜಲೀಸಿನಲ್ಲಿ ನಡೆದದ್ದು ಇದಕ್ಕಿಂತಲೂ ಕಹಿಯಾದುದು. 1980ರ ದಶಕದಲ್ಲಿ ಆ ನಗರಾಡಳಿತವು ದಕ್ಷಿಣ ಭಾಗದ ಬಡ ಬಡಾವಣೆಯಲ್ಲಿ ಕಸ ಸುಡುವ ಸ್ಥಾವರ ಕಟ್ಟಲೆಂದು 14 ಎಕ್ರೆ ಜಮೀನನ್ನು ಖಾಸಗಿಯವರಿಂದ ಬಲವಂತವಾಗಿ ಸ್ವಾಧೀನಪಡಿಸಿಕೊಂಡಿತು. ಅಲ್ಲಿನ ಕರಿಯ ಮಹಿಳೆಯರ ನೇತೃತ್ವದಲ್ಲಿ ನಡೆದ ಪ್ರತಿಭಟನೆಯಿಂದಾಗಿ ಸ್ಥಾವರ ಬರಲಿಲ್ಲ. ಜಮೀನು ಖಾಲಿ ಬಿತ್ತು. 1992ರ ಭೀಕರ ಗಲಭೆಯಲ್ಲಿ ನಗರದ ಆ ಭಾಗ ಹೊತ್ತಿ ಉರಿದ ಬಳಿಕ ಆ ಜಮೀನನ್ನು ಅಲ್ಲಿಯ ಆಹಾರ ವಿತರಣಾ ಸಂಸ್ಥೆಯ ಮೂಲಕ ತೋಟಕ್ಕೆಂದು ಬಿಟ್ಟುಕೊಡಲಾಯಿತು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ವಲಸೆ ಬಂದ ಸುಮಾರು 350 ಕುಟುಂಬಗಳು ಅಲ್ಲಿ ಬೇಸಾಯ ಮಾಡಿದವು. ಜೋಳ, ಪಪ್ಪಾಯಿ, ನಮ್ಮ ಮಾರುಕಟ್ಟೆಯಲ್ಲಿ ಸೀಮೆಬದನೆಯೆಂದು ಮಾರುವ ಚಯೋಟೆ, ಎಲೆ ತಿನ್ನಲೆಂದು ಬೆಳೆಸುವ ಪಾಪಾಸುಕಳ್ಳಿ, ಮದ್ದಿನ ಗಿಡಗಳು. ನಮ್ಮಲ್ಲಿ ಹಿತ್ತಲ ಬೇಲಿಗಷ್ಟೇ ಸಾಕೆನಿಸಿದ ಪಾಪಾಸುಕಳ್ಳಿ ಅವರ ಊಟದ ಪಲ್ಯ! ಅಂಗಡಿಯಲ್ಲಿ ಸಿಗದ, ಅಜ್ಜಿಯ ಊರಿನಿಂದ ಬಂದ ಬೀಜಗಳು ಕಾರ್ಖಾನೆ ಮತ್ತು ಗೋದಾಮುಗಳ ನಡುವೆ ಚಿಗುರಿದ್ದವು.

2003ರಲ್ಲಿ ನಗರಾಡಳಿತವು ಈ ಜಮೀನನ್ನು ಹಳೆಯ ಮಾಲೀಕನಿಗೆ ಸುಮಾರು 50 ಲಕ್ಷ ಡಾಲರಿಗೆ ಮರಳಿ ಮಾರಿತು. ಮಾತುಕತೆ ನಡೆದದ್ದು ಮುಚ್ಚಿದ ಬಾಗಿಲಿನ ಹಿಂದೆ. ಹತ್ತು ವರ್ಷ ಉತ್ತವರಿಗೆ ತಿಳಿದದ್ದು 2004ರ ಜನವರಿಯಲ್ಲಿ, ಜಾಗ ಬಿಡಬೇಕೆಂಬ ನೋಟೀಸು ಬಂದಾಗ. ಹೋರಾಟ ನಡೆಯಿತು. ಮಾಲೀಕನು ಜಮೀನಿಗೆ 163 ಲಕ್ಷ ಡಾಲರ್ ಕೇಳಿದ. ದಾನಿ ಸಂಸ್ಥೆಯೊಂದು ಮುಂದೆ ಬಂದಾಗ ಮಾರಲು ಒಪ್ಪಲಿಲ್ಲ. 2006ರ ಜೂನ್ 13ರಂದು ಪೊಲೀಸರು ಜನರನ್ನು ತೆರವುಗೊಳಿಸಿದರು, ಬೆಳೆದು ನಿಂತ ಪೈರಿನ ಮೇಲೆ ಬುಲ್ಡೋಜರ್ ಹರಿಯಿತು. ಅಷ್ಟು ತುರ್ತಾಗಿ ಬೇಕಾಗಿದ್ದ ಆ ಜಮೀನು ಆನಂತರ ಒಂದು ದಶಕಕ್ಕೂ ಹೆಚ್ಚು ಕಾಲ ಬೇಲಿಯೊಳಗೆ ಖಾಲಿ ಬಿದ್ದಿತ್ತು.

ಇದು ಅಮೆರಿಕದ ಬಂಡವಾಳಶಾಹಿಗೆ ಮಾತ್ರ ಅಂಟಿದ ರೋಗವೆಂದು ಹೇಳಿ ನಾವು ನಿರಾಳರಾಗುವಂತಿಲ್ಲ. ಇಸ್ತಾಂಬುಲ್ ನಗರದ ಪುರಾತನ ಕೋಟೆಗೋಡೆಯ ಪಕ್ಕದಲ್ಲಿ ‘ಬೋಸ್ತಾನ್’ ಎಂದು ಕರೆಯುವ ತರಕಾರಿ ತೋಟಗಳು ಶತಮಾನಗಳಿಂದ ಇದ್ದವು. ಅಲ್ಲಿನ ಯೆದಿಕುಲೆಯ ಸೊಪ್ಪು ಊರಿಗೆಲ್ಲ ಹೆಸರುವಾಸಿ. ಗೆಝಿ ಉದ್ಯಾನವನ್ನು ಉಳಿಸಲು ಜನರು ಬೀದಿಗಿಳಿದ 2013ರ ಬೇಸಗೆಯಲ್ಲೇ, ಆಳುವ ಪಕ್ಷದ ಹಿಡಿತದಲ್ಲಿದ್ದ ಫಾತಿಹ್ ಪುರಸಭೆಯು ಆ ತೋಟಗಳ ಮೇಲೆ ಕಟ್ಟಡದ ಅವಶೇಷಗಳನ್ನು ಸುರಿಸಿತು. ಕಾರಣ? ಅಲ್ಲೊಂದು ಅಲಂಕಾರದ ಉದ್ಯಾನ ನಿರ್ಮಿಸಬೇಕಂತೆ! ಬೆಳೆಯುವ ತೋಟವನ್ನು ಹೂತು ನೋಡುವ ತೋಟ ಮಾಡುವ ಈ ಅಭಿವೃದ್ಧಿಯನ್ನು, ಟರ್ಕಿಯ ಆಡಳಿತವನ್ನು ಹೊಗಳುವ ಭರದಲ್ಲಿ ನಮ್ಮಲ್ಲಿ ಯಾರೂ ಚರ್ಚಿಸಲಿಲ್ಲ. ಬುಲ್ಡೋಜರ್ ಓಡಿಸುವವನ ಹೆಸರು ನಮ್ಮವರ ಹೆಸರಿನಂತಿದ್ದರೆ ಅದರ ಸದ್ದು ಕೇಳಿಸುವುದಿಲ್ಲವೇ?

ಅಷ್ಟಕ್ಕೂ ಈ ತೋಟಗಳಲ್ಲಿ ಬೆಳೆಯುವುದು ತರಕಾರಿ ಮಾತ್ರವಾಗಿದ್ದರೆ ಬದಲಿ ಜಾಗ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಜರ್ಮನಿಯ ಗೋಟಿಂಗನ್ ನಗರದ ಉದಾಹರಣೆಯನ್ನು ಗಮನಿಸಿ. ಬೋಸ್ನಿಯಾದ ಯುದ್ಧದಿಂದ ಜೀವ ಉಳಿಸಿಕೊಂಡು ಬಂದ ನಿರಾಶ್ರಿತ ಮಹಿಳೆಯರು ಅಲ್ಲಿ ವಲಸಿಗರ ಕೇಂದ್ರವೊಂದರಲ್ಲಿ ಚಹಾಕ್ಕೆ ಸೇರುತ್ತಿದ್ದರು. ನಿಮಗೆ ಇಲ್ಲಿ ಅತಿ ಹೆಚ್ಚು ಕೊರತೆ ಅನಿಸುವುದು ಯಾವುದೆಂದು ಕೇಳಿದಾಗ ಅವರು ಹೇಳಿದ್ದು ಹಣವನ್ನಲ್ಲ, ತಮ್ಮ ತೋಟಗಳನ್ನು. ಊರಿನಲ್ಲಿ ಎಲ್ಲರಿಗೂ ತೋಟವಿತ್ತು. ಇಲ್ಲಿ ಅವರು ಕೈಯೊಡ್ಡುವ ನಿರಾಶ್ರಿತರು. 1996ರಲ್ಲಿ ಅವರು ಇತರ ದೇಶಗಳ ವಲಸಿಗರೊಂದಿಗೂ ಜರ್ಮನರೊಂದಿಗೂ ಸೇರಿ ‘ಅಂತಾರಾಷ್ಟ್ರೀಯ ತೋಟ’ಗಳನ್ನು ಆರಂಭಿಸಿದರು. ಇಥಿಯೋಪಿಯಾ ಮೂಲದ ಕೃಷಿ ತಜ್ಞರೊಬ್ಬರು ಅದರ ಮುಂಚೂಣಿಯಲ್ಲಿದ್ದರು. ಬೇರೆ ಬೇರೆ ಭಾಷೆಯವರಾದ್ದರಿಂದ ತೋಟದಲ್ಲಿ ಪರಸ್ಪರ ಮಾತನಾಡಲು ಜರ್ಮನ್ ಬೇಕಾಯಿತು. ತರಗತಿಯಲ್ಲಿ ಬಾರದ ಭಾಷೆ ಸೌತೆಯ ಸಾಲಿನಲ್ಲಿ ಬಂತು. ಬೆಳೆದದ್ದನ್ನು ನೆರೆಯವರಿಗೆ ಹಂಚುವಾಗ ಅವರು ಮೊದಲ ಬಾರಿಗೆ ಆ ದೇಶದಲ್ಲಿ ಕೊಡುವವರಾದರು. ಇಂದು ಜರ್ಮನಿಯ ನಗರ ನಗರಗಳಲ್ಲಿ ಇಂತಹ ಅಂತರ್‌ಸಾಂಸ್ಕೃತಿಕ ತೋಟಗಳಿವೆ. ನಿರಾಶ್ರಿತರನ್ನು ಸಮಾಜದಲ್ಲಿ ಬೆರೆಸುವುದು ಹೇಗೆಂದು ಸರಕಾರಗಳು ಆಯೋಗಗಳನ್ನು ರಚಿಸುತ್ತವೆ. ಈ ಮಹಿಳೆಯರು ಕೇಳಿದ್ದು ಒಂದಿಷ್ಟು ನೆಲ, ಒಂದು ಗುದ್ದಲಿ.

ಇನ್ನು ವಸತಿಯ ಪ್ರಶ್ನೆ. ಇದನ್ನು ನಾವು ತಳ್ಳಿಹಾಕುವಂತಿಲ್ಲ. ಮನೆಯಿಲ್ಲದವನ ಮುಂದೆ ಗುಲಾಬಿಯ ಮಹತ್ವವನ್ನು ವಿವರಿಸುವುದು ಕ್ರೌರ್ಯ. ನ್ಯೂಯಾರ್ಕಿನ ಎಲಿಜಬೆತ್ ಸ್ಟ್ರೀಟ್ ತೋಟದ ವಿವಾದವು ಈ ಪ್ರಶ್ನೆಯನ್ನು ತೀಕ್ಷ್ಣವಾಗಿ ಎತ್ತಿತು. ಗ್ಯಾಲರಿ ಮಾಲೀಕರೊಬ್ಬರು 1991ರಲ್ಲಿ ಸರಕಾರಿ ನಿವೇಶನವನ್ನು ಬಾಡಿಗೆಗೆ ಪಡೆದು ಶಿಲ್ಪಗಳನ್ನಿಟ್ಟು ಮಾಡಿದ ತೋಟ ಅದು. ಬಹುಕಾಲ ಗ್ಯಾಲರಿಯ ಮೂಲಕವೇ ಒಳಹೋಗಬೇಕಿತ್ತು; ಸಾರ್ವಜನಿಕರಿಗೆ ತೆರೆದದ್ದು ಆಮೇಲೆ. ಆ ಜಾಗದಲ್ಲಿ ಬಡ ವೃದ್ಧರಿಗಾಗಿ 123 ಮನೆಗಳನ್ನು ಕಟ್ಟಲು ನಗರಾಡಳಿತ ಯೋಜಿಸಿತ್ತು. ತೋಟವನ್ನು ಉಳಿಸಲು ರಾಬರ್ಟ್ ಡಿ ನೀರೋ, ಮಾರ್ಟಿನ್ ಸ್ಕಾರ್ಸೇಸಿಯಂಥವರು ಮೇಯರಿಗೆ ಪತ್ರ ಬರೆದರು. 2025ರ ಜೂನಿನಲ್ಲಿ ಮೇಯರ್ ಎರಿಕ್ ಆಡಮ್ಸ್ ಬೇರೆ ಮೂರು ಸ್ಥಳಗಳಲ್ಲಿ ಮನೆಗಳ ಭರವಸೆ ನೀಡಿ ಆ ಯೋಜನೆಯನ್ನು ಕೈಬಿಟ್ಟರು. ಅದೇ ವರ್ಷದ ಚುನಾವಣೆಯಲ್ಲಿ, ಗೆದ್ದರೆ ತೋಟ ತೆರವುಗೊಳಿಸಿ ವೃದ್ಧರಿಗೆ ಮನೆ ಕಟ್ಟುತ್ತೇನೆಂದು ಹೇಳಿದ್ದವರು ಬೇರಾರೂ ಅಲ್ಲ, ಜಗತ್ತಿನಾದ್ಯಂತ ಮುಸ್ಲಿಮರು ಯಾರ ಗೆಲುವನ್ನು ಸಂಭ್ರಮಿಸಿದರೋ ಅದೇ ಝೊಹ್ರಾನ್ ಮಮ್ದಾನಿ. ಅವರು ಅಧಿಕಾರ ವಹಿಸುವ ಮುನ್ನ, ನವೆಂಬರಿನಲ್ಲಿ ಆಡಮ್ಸ್ ಆ ಜಾಗವನ್ನು ಸಾರ್ವಜನಿಕ ಉದ್ಯಾನವೆಂದು ಘೋಷಿಸಿಬಿಟ್ಟರು. ಉದ್ಯಾನವೆಂದು ಘೋಷಿತವಾದ ನೆಲವನ್ನು ಬೇರೆ ಉಪಯೋಗಕ್ಕೆ ತಿರುಗಿಸಲು ಅಲ್ಲಿ ರಾಜ್ಯ ಶಾಸಕಾಂಗದ ಒಪ್ಪಿಗೆ ಬೇಕು.

ಈ ಜಗಳದಲ್ಲಿ ನಮ್ಮ ಮನಸ್ಸು ಪೂರ್ತಿಯಾಗಿ ತೋಟದ ಕಡೆಗಿಲ್ಲ ಎಂದು ಹೇಳಲು ಸಂಕೋಚಪಡಬೇಕಾಗಿಲ್ಲ. ತೋಟಗಳೆಲ್ಲವೂ ಬಡವರ ತೋಟಗಳಲ್ಲ. ಕೆಲವು ಅನುಕೂಲಸ್ಥರ ಅಂಗಳಗಳಾಗಿವೆ, ಕೆಲವಕ್ಕೆ ಬೀಗವಿದೆ, ಬೀಗದ ಕೀಲಿ ನಾಲ್ಕೇ ಮಂದಿಯ ಕೈಯಲ್ಲಿದೆ. ಬೇಸಗೆಯ ತಿಂಗಳುಗಳಲ್ಲಿ ವಾರಕ್ಕೆ ಕನಿಷ್ಠ ಇಪ್ಪತ್ತು ಗಂಟೆ ಬಾಗಿಲು ತೆರೆದಿಡಬೇಕೆಂಬ ಗ್ರೀನ್‌ಥಂಬ್ ನಿಯಮವು ಸುಮ್ಮನೆ ಬಂದದ್ದಲ್ಲ. ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ನಗರದಲ್ಲಿ ಐಷಾರಾಮಿ ಮಹಡಿಗಳಿಗೆ ನೆಲ ಸಿಗುತ್ತದೆ, ವಾಹನ ನಿಲುಗಡೆಗೆ ಸಿಗುತ್ತದೆ. ಬಡವನಿಗೆ ಮನೆ ಕಟ್ಟಬೇಕಾದಾಗ ಮಾತ್ರ ಇನ್ನೊಬ್ಬ ಬಡವನ ತೋಟವೇ ಏಕೆ ಕಣ್ಣಿಗೆ ಬೀಳಬೇಕು? ಮತ್ತು ಎಸ್ಪೆರಾನ್ಸಾಕ್ಕೆ ಇಲ್ಲದ ಶಾಶ್ವತ ರಕ್ಷಣೆ ಎಲಿಜಬೆತ್ ಸ್ಟ್ರೀಟಿಗೆ ಒಂದು ಸಹಿಯಲ್ಲಿ ದೊರೆತದ್ದು ಹೇಗೆ?

ತೋಟದ ಬೆಲೆ ಸರಕಾರಗಳಿಗೆ ತಿಳಿದಿಲ್ಲವೆಂದಲ್ಲ. 1893ರ ಆರ್ಥಿಕ ಕುಸಿತದ ಮರುವರ್ಷ ಡೆಟ್ರಾಯಿಟ್ ನಗರದ ಮೇಯರ್ ಹೇಜನ್ ಪಿಂಗ್ರಿ ನಿರುದ್ಯೋಗಿಗಳಿಗೆ ಖಾಲಿ ನಿವೇಶನಗಳಲ್ಲಿ ಆಲೂಗಡ್ಡೆ ಬೆಳೆಯಲು ಅನುವು ಮಾಡಿಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸರಕಾರವೇ ಕರೆ ಕೊಟ್ಟು ಸುಮಾರು ಎರಡು ಕೋಟಿ ‘ವಿಜಯ ತೋಟ’ಗಳನ್ನು ಮಾಡಿಸಿತು. ಕಷ್ಟ ಬಂದಾಗ ತೋಟ ದೇಶಸೇವೆ. ಕಷ್ಟ ಕಳೆದ ಮೇಲೆ ಅದು ಅತಿಕ್ರಮಣ.

ಬ್ರಿಟನ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ದುಡಿಯುವ ವರ್ಗದ ಬೇಡಿಕೆಯ ಫಲವಾಗಿ ಬಂದ 1908ರ ಕಾನೂನಿನ ಪ್ರಕಾರ, ನಿವಾಸಿಗಳು ಬಯಸಿದಲ್ಲಿ ಅವರಿಗೆ ‘ಅಲಾಟ್‌ಮೆಂಟ್’ ಎಂಬ ತುಂಡು ತೋಟಗಳನ್ನು ಒದಗಿಸುವುದು ಸ್ಥಳೀಯ ಸಂಸ್ಥೆಗಳ ಕರ್ತವ್ಯ. 1925ರ ಕಾನೂನು ಇನ್ನೊಂದು ಹೆಜ್ಜೆ ಮುಂದಿಟ್ಟಿತು: ತೋಟಕ್ಕೆಂದೇ ಪಡೆದ ಇಂತಹ ನೆಲವನ್ನು ಮಂತ್ರಿಯ ಒಪ್ಪಿಗೆಯಿಲ್ಲದೆ ಸ್ಥಳೀಯ ಸಂಸ್ಥೆ ಮಾರುವಂತಿಲ್ಲ. ಆ ಕಾನೂನಿನಲ್ಲೂ ರಂಧ್ರಗಳಿವೆ, ಅನೇಕ ತೋಟಗಳು ಕೈತಪ್ಪಿವೆ. ಆದರೂ ಅಲ್ಲಿನ ಕಾರ್ಮಿಕನು ತನ್ನ ಮಡಿಯನ್ನು ಉಳಿಸಿಕೊಳ್ಳಲು ಸಿನಿಮಾ ನಟಿಯೊಬ್ಬಳ ಮರ್ಜಿಗೆ ಕಾಯಬೇಕಾಗಿಲ್ಲ, ಕಾನೂನಿನ ಕಲಮನ್ನು ತೋರಿಸಬಹುದು.

ನ್ಯೂಯಾರ್ಕಿನಲ್ಲಿ ಇಂದು ಐನೂರಕ್ಕೂ ಹೆಚ್ಚು ಸಮುದಾಯ ತೋಟಗಳಿವೆ. ಅವುಗಳಲ್ಲಿ ಸರಕಾರಿ ನೆಲದ ಮೇಲಿರುವ ಬಹುಪಾಲು ತೋಟಗಳ ಜನರ ಕೈಯಲ್ಲಿರುವುದು ಕೆಲವು ವರ್ಷಗಳಿಗೊಮ್ಮೆ ನವೀಕರಿಸಬೇಕಾದ ಒಂದು ಪರವಾನಗಿ ಪತ್ರ ಮಾತ್ರ. ಎಲಿಜಬೆತ್ ಸ್ಟ್ರೀಟಿಗೆ ಕೊಟ್ಟ ಆ ಒಂದು ಸಹಿಯನ್ನು ಬ್ರಾಂಕ್ಸ್ ಮತ್ತು ಬ್ರೂಕ್ಲಿನ್‌ನ ತೋಟಗಳಿಗೂ ಹಾಕಲು ಹೊಸ ಮೇಯರಿಗೆ ಹಣ ಬೇಕಾಗಿಲ್ಲ. ವೃದ್ಧರ ಮನೆಗಳ ಪರವಾಗಿ ಮಾತನಾಡಿದವರು ಅವರು. ಆ ಮನೆಗಳಿಗೆ ನೆಲವನ್ನು ಇನ್ನು ಯಾರ ಅಂಗಳದಿಂದ ಅಳೆಯುತ್ತಾರೆಂಬುದನ್ನು ನಾವು ಕಾದು ನೋಡುತ್ತಿದ್ದೇವೆ.